ಮಿಕ್ಕಿದ್ದು ಮುಂದಿನ ದೀಪಾವಳಿಗೆ

ಮೊನ್ನೆ ಭಾನುವಾರ ಅಕ್ಕನ ಮಗನನ್ನು ಮಂಡ್ಯದಿಂದ ಮೈಸೂರಿಗೆ ಕರಕೊಂಡು ಹೋಗಿ ಒಂದು ಫ್ಯಾಂಟಸಿ ಸಿನಿಮಾ ತೋರಿಸಿದೆ. ಹೆಸರು ಬೇಡ ಬಿಡಿ. ಎಲ್ಲ ಒಂದೇ ಥರ ಇರುತ್ತವೆ, ನೀವು ಯಾವುದನ್ನು ಅಂದುಕೊಂಡರೂ ನಡೆಯುತ್ತೆ. ಎರಡೂ ಮುಕ್ಕಾಲು ಗಂಟೆ ಕತ್ತಲಲ್ಲಿ ಯಾರೋ ಯಾರಿಗೋ ಹೊಡೆದರು. ಅದರ ಮೇಲೆ ನಮಗೆ 3ಡಿಯ ಕಪ್ಪು ಕನ್ನಡಕ ಬೇರೆ. ಹೊಡೆದವನು ಯಾರು, ತಿಂದವನು ಯಾರು ಅಂತ ಸದ್ದಿನ ಮೇಲೆ ಅಂದಾಜು ಮಾಡಬೇಕು. ಕೊನೆಗೆ ಹೀರೋ ಬೆಟ್ಟದ ತುದಿಯಲ್ಲಿ ನಿಂತು ಕತ್ತಿ ಎತ್ತಿದ. ಎತ್ತಿದ ಕತ್ತಿ ಎತ್ತಿದ ಹಾಗೇ ನಿಂತಿತು. ‘ಭಾಗ 1 ಮುಗಿಯಿತು’ ಅಂತ ಬಂತು. ಲೈಟ್ ಹಾಕಿದರು.

‘ಆಮೇಕೇನಾಯ್ತು ಮಾವ?’ ಅಂದ ಹುಡುಗ.

ಏನು ಹೇಳೋದು? ಅವನಿಗೆ ಈಗ ಮೂರನೇ ಕ್ಲಾಸು. ಈ ನಿರ್ಮಾಪಕರ ಸ್ಪೀಡ್ ನೋಡಿದರೆ ಆ ಕತ್ತಿ ಕೆಳಗಿಳಿಯೋ ಹೊತ್ತಿಗೆ ಇವನು ಎಸ್ಸೆಸ್ಸೆಲ್ಸಿ ಬರೆದಿರುತ್ತಾನೆ.

ಈ ಚಾಳಿ ಕಲಿಸಿದ್ದು ಯಾರು ಅಂತ ನಿಮಗೂ ಗೊತ್ತು. 2015ರಲ್ಲಿ ಕಟ್ಟಪ್ಪ ಬಾಹುಬಲಿಗೆ ಕತ್ತಿ ಹಾಕಿದ. ಯಾಕೆ ಅಂತ ಹೇಳೋಕೆ 2017 ಆಯ್ತು. ಸುಳ್ಳು ಯಾಕೆ, ನಾನೂ ಎರಡು ಸಲ ನೋಡಿದೆ. ಹೀರೋ ಜಲಪಾತ ಹತ್ತೋವಾಗ ಇಲ್ಲಿ ನನ್ನ ಕೈ ಬೆವೆತಿತ್ತು. ಕಾಯಿಸಿದರು, ಆದರೆ ಕಾಯಿಸಿದ್ದಕ್ಕೆ ತಕ್ಕ ಹಾಗೆ ಬಡಿಸಿದರು. ಆಮೇಲೆ ಬಂದವರು ಕಾಯಿಸೋದನ್ನು ಮಾತ್ರ ಕಲಿತರು. ಆದರೂ ಗುರು ಗುರುವೇ. 2025ರ ಅಕ್ಟೋಬರ್‌ನಲ್ಲಿ ಎರಡೂ ಭಾಗ ಸೇರಿಸಿ, ಅಲ್ಲಲ್ಲಿ ಕತ್ತರಿಸಿ, ಮೂರು ಮುಕ್ಕಾಲು ಗಂಟೆಯ ಒಂದೇ ಸಿನಿಮಾ ಮಾಡಿ ಮತ್ತೆ ಬಿಟ್ಟರು. ಒಂದರಲ್ಲೇ ಹೇಳಬಹುದಿತ್ತು ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ! ನಮ್ಮ ಆಲೆಮನೆಯವರಿಗೆ ಈ ಬುದ್ಧಿ ಹೊಳೆದೇ ಇಲ್ಲ. ಒಂದು ಅಚ್ಚು ಬೆಲ್ಲ ಮುರಿದು ಎರಡು ಸಲ ಮಾರಿ, ಹತ್ತು ವರ್ಷ ಬಿಟ್ಟು ಅಂಟಿಸಿ ಮೂರನೇ ಸಲ ಮಾರಿದ್ದರೆ ಮಂಡ್ಯದ ರೈತ ಈಗ ಹೆಲಿಕಾಪ್ಟರ್‌ನಲ್ಲಿ ಗದ್ದೆಗೆ ಹೋಗುತ್ತಿದ್ದ.

‘ಬ್ರಹ್ಮಾಸ್ತ್ರ’ದ ಮೊದಲ ಭಾಗ 2022ರಲ್ಲಿ ಬಂತು. ಎರಡು 2026ರ ಡಿಸೆಂಬರ್‌ಗೆ, ಮೂರು 2027ರ ಡಿಸೆಂಬರ್‌ಗೆ ಅಂತ ಮರುವರ್ಷ ಹೇಳಿದರು. ಬ್ರಹ್ಮಾಸ್ತ್ರ ಅಂದರೆ ಬಿಟ್ಟ ತಕ್ಷಣ ತಗುಲೋದು ಅಲ್ವಾ? ಇದು ಚೀಟಿ ಹಾಕಿದ ಹಾಗಾಯ್ತು. ‘ಕಾಂತಾರ’ದ್ದು ಇನ್ನೊಂದು ಲೆಕ್ಕ. 2022ರಲ್ಲಿ ಬಂದದ್ದಕ್ಕೆ ನಂಬರ್ ಇರಲಿಲ್ಲ, 2025ರಲ್ಲಿ ಬಂದದ್ದು ‘ಚಾಪ್ಟರ್ 1’. ನಮ್ಮ ಲೆಕ್ಕದ ಮೇಷ್ಟ್ರು ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಆದರೆ ಆ ಮೊದಲನೆಯದು ಒಂದೇ ಸಿನಿಮಾದಲ್ಲಿ ಕತೆ ಮುಗಿಸಿತು. ಕೊನೆಯ ಆ ಒಂದು ಕೂಗಿಗೆ ಮೈ ಜುಮ್ಮಂದಿತಲ್ಲ, ಅದಕ್ಕೆ ಎಷ್ಟು ಗ್ರಾಫಿಕ್ಸ್ ಬೇಕಾಯ್ತು ಹೇಳಿ?

ಈ ವಿಷಯದಲ್ಲಿ ನಾನು ‘ಆದಿಪುರುಷ್’ ತಂಡಕ್ಕೆ ಶಾಲು ಹೊದಿಸಬೇಕು ಅನ್ನೋನು. 2023ರಲ್ಲಿ ಎಲ್ಲರೂ ಸೇರಿ ಅದನ್ನು ಬೈದಿರಿ. ರಾವಣನ ಹೇರ್‌ಕಟ್ ಬೈದಿರಿ, ಡೈಲಾಗ್ ಬೈದು ಬದಲಾಯಿಸೋ ತನಕ ಬಿಡಲಿಲ್ಲ. ಥಿಯೇಟರಿಗೊಂದು ಸೀಟು ಹನುಮಂತನಿಗೆ ಅಂತ ಖಾಲಿ ಬಿಟ್ಟಿದ್ದನ್ನೂ ಆಡಿಕೊಂಡಿರಿ. ಆ ಸೀಟಿನ ಸುತ್ತ ಬೇರೆ ಸೀಟುಗಳೂ ಖಾಲಿಯಾದದ್ದು ಬೇರೆ ಮಾತು. ಆದರೆ ರಾಮಾಯಣ ಒಂದೇ ಸಿನಿಮಾದಲ್ಲಿ ಮುಗಿಸಿದರೋ ಇಲ್ಲವೋ? ಈಗ ನೋಡಿ, ಹೊಸ ರಾಮಾಯಣ 2026ರ ದೀಪಾವಳಿಗೆ ಅರ್ಧ, 2027ರ ದೀಪಾವಳಿಗೆ ಅರ್ಧ ಅಂತ ಘೋಷಣೆ ಆಗಿದೆ. ರಾವಣ ನಮ್ಮ ಮೈಸೂರಲ್ಲಿ ಓದಿ ಬೆಳೆದ ಯಶ್. ಮಹಿಷಾಸುರನನ್ನು ಒಂಬತ್ತು ರಾತ್ರಿಗೆ ಮುಗಿಸಿ ಹತ್ತನೇ ದಿನ ಜಂಬೂಸವಾರಿ ಹೊರಡಿಸೋ ಊರಿನ ಹುಡುಗನನ್ನು ಕೊಲ್ಲೋಕೆ ಎರಡು ದೀಪಾವಳಿ ಬೇಕಂತೆ!

ಹಾಲಿವುಡ್‌ನವರೂ ಸಾಚಾ ಅಲ್ಲ. ‘ಹಾಬಿಟ್’ ಅನ್ನೋ ಒಂದು ಮಕ್ಕಳ ಪುಸ್ತಕವನ್ನು 2012ರಿಂದ ಮೂರು ಡಿಸೆಂಬರ್ ಎಳೆದರು. ಮೊದಲು ಹೀಗಿರಲಿಲ್ಲ. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಮಾವುತರ ಹುಡುಗ ಸಾಬು ಗೊತ್ತಲ್ಲ? ಆನೆ ಲಾಯದಿಂದ ಹೋಗಿ 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಕಳ್ಳ ಹುಡುಗನಾದ. ಬಾಟಲಿಯಿಂದ ಏಳೋ ಭೂತ, ಹಾರೋ ಕುದುರೆ, ಹಾರೋ ಕಂಬಳಿ. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಎರಡು ಗಂಟೆಯೊಳಗೆ ಕತೆ ಮುಗಿಸಿ ನಮ್ಮ ಹುಡುಗ ಕಂಬಳಿ ಹತ್ತಿ ಹೊರಟೇಹೋದ.

ತಮಾಷೆ ಸಾಕು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್‌ನಿಂದ ತಡೆ ಬಂತು. ಮೊನ್ನೆ ನಮ್ಮಿಬ್ಬರ ಟಿಕೆಟ್, ಒಂದು ಪಾಪ್‌ಕಾರ್ನ್, ಒಂದು ಬಾಟಲಿ ನೀರಿಗೆ ಸಾವಿರ ರೂಪಾಯಿ ದಾಟಿತು. ಒಂದು ಟನ್ ಕಬ್ಬಿಗೆ ಮೂರು ಸಾವಿರ ಚಿಲ್ಲರೆ ನೋಡೋ ಊರಿನವರು ನಾವು. ಕಬ್ಬಿನ ಲಾರಿಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ ‘ಮಿಕ್ಕಿದ್ದು ಭಾಗ 2ರಲ್ಲಿ, ದುಡ್ಡು ಪೂರ್ತಿ ಕೊಡಿ’ ಅಂದರೆ ಫ್ಯಾಕ್ಟರಿಯವರು ಸುಮ್ನೆ ಬಿಡ್ತಾರಾ? ಅರ್ಧ ಕತೆಗೆ ಪೂರ್ತಿ ಕಾಸು ಕೀಳೋದಕ್ಕೆ ಬೇರೆ ಹೆಸರಿದೆ. ಅದನ್ನು ಸಿನಿಮಾ ಸರಣಿಯ ‘ಯೂನಿವರ್ಸ್’ ಅಂತ ಕರೆಯಬೇಡಿ.

ನಮ್ಮೂರಲ್ಲಿ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕಬೇಕು. ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ಬಾಡಿಗೆ ಸೀನರಿ, ತಗಡಿನ ಕಿರೀಟ, ಕೃಷ್ಣನ ವಿಶ್ವರೂಪಕ್ಕೆ ಒಂದು ಕೆಂಪು ಬಲ್ಬು. ರಾತ್ರಿ ಒಂಬತ್ತಕ್ಕೆ ಶುರುವಾದರೆ ಹದಿನೆಂಟು ಅಕ್ಷೋಹಿಣಿ ಸೈನ್ಯ ಬೆಳಗಾಗೋದರೊಳಗೆ ಖಲಾಸ್. ಹೋದ ವರ್ಷ ಮಾತ್ರ ಸ್ವಲ್ಪ ತಡವಾಯ್ತು. ಬೆಳಕು ಹರಿದಿತ್ತು, ಭೀಮ ತೊಡೆಗೆ ಗದೆ ಹಾಕಿದ್ದೂ ಆಗಿತ್ತು, ದುರ್ಯೋಧನ ಬೀಳಲೇ ಇಲ್ಲ. ‘ದುಡ್ಡು ಕೊಟ್ಟಿವ್ನಿ, ಇನ್ನೂ ಎರಡು ಹಾಡದೆ’ ಅಂತ ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿದ. ಭೀಮ ಮೆಲ್ಲಗೆ ಅಂದಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು: ‘ಬಿದ್ಕೊಳ್ಳೋ ಮಾರಾಯ, ಡೈರಿ ಬಾಗ್ಲು ಹಾಕ್ಬುಡ್ತಾರೆ.’

ಬಿದ್ದ. ಆರೂವರೆಗೆ ಡೈರಿ ಸಾಲಿನಲ್ಲಿ ನನ್ನ ಮುಂದೆ ಕ್ಯಾನು ಹಿಡಿದು ನಿಂತಿದ್ದ. ಹುಬ್ಬಿನ ಬಣ್ಣ ಇನ್ನೂ ಹೋಗಿರಲಿಲ್ಲ.