ಸ್ಪಷ್ಟನೆ: ಆ ಉಗಿಬಂಡಿ 1886ರದ್ದಲ್ಲ, ಅದು ಹಾರ್ಜ್ ಬೆಟ್ಟದ್ದೂ ಅಲ್ಲ

ಅಂಗಡಿ ಸಾಲಿನ ನಡುವೆ, ಜನರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಗಂಟೆ ಬಾರಿಸುತ್ತಾ ಹೊಗೆಯುಗುಳಿ ಸಾಗುವ ಪುಟ್ಟ ರೈಲಿನ ವಿಡಿಯೊವೊಂದು ‘ಜರ್ಮನಿಯ ಹಾರ್ಜ್ ಬೆಟ್ಟದ ಮೀಟರ್ ಗೇಜ್ ರೈಲು, 1886ರ ಎಂಜಿನ್ ಇಂದಿಗೂ ಓಡುತ್ತಿದೆ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿಕೊಂಡಿದ್ದೆ. ಆ ಒಕ್ಕಣೆ ತಪ್ಪು.

ಇದು ಜರ್ಮನಿಯದೇ ಆದ ಬಾಲ್ಟಿಕ್ ಕಡಲತೀರದ ಬಾಟ್ ಡೋಬೆರಾನ್ ಊರಿನ ಬೀದಿ, ರೈಲಿನ ಹೆಸರು ‘ಮೊಲ್ಲಿ’. ಹಾರ್ಜ್ ಮಾರ್ಗದ ಹಳಿಗಳ ಅಂತರ 1,000 ಮಿ.ಮೀ. ಆದರೆ ಮೊಲ್ಲಿಯದು 900 ಮಿ.ಮೀ. 1886 ಎಂಬುದು ಡೋಬೆರಾನ್‌ನಿಂದ ಹೈಲಿಗೆನ್‌ಡಾಮ್‌ವರೆಗಿನ ಮಾರ್ಗ ಆರಂಭವಾದ ವರ್ಷವೇ ಹೊರತು ಎಂಜಿನ್ ತಯಾರಾದ ವರ್ಷವಲ್ಲ; ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ.

ವಿಡಿಯೊ ನಿಲ್ಲಿಸಿ ನೋಡಿದರೆ ಎಂಜಿನ್ನಿನ ಫಲಕದಲ್ಲಿ 99 2324 ಎಂಬ ಸಂಖ್ಯೆ ಕಾಣುತ್ತದೆ. ಇದೇ ಮಾರ್ಗಕ್ಕಾಗಿ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿ 1932ರಲ್ಲಿ ಮೂರು ಎಂಜಿನ್‌ಗಳನ್ನು ಕಟ್ಟಿತ್ತು. ಅದೇ ಮಾದರಿಯಲ್ಲಿ ಮೈನಿಂಗೆನ್ ಕಾರ್ಖಾನೆ ಹೊಸದಾಗಿ ನಿರ್ಮಿಸಿದ ಈ ನಾಲ್ಕನೆಯದು ಸೇವೆಗೆ ಬಂದದ್ದು 2009ರಲ್ಲಿ. ನಮ್ಮ ಕಾಲದಲ್ಲೂ ಹೊಸ ಉಗಿ ಎಂಜಿನ್ ಕಟ್ಟಿದ್ದಾರೆ ಎಂಬುದೇ, ನನ್ನ ಮಟ್ಟಿಗೆ, ಹೆಚ್ಚು ಸ್ವಾರಸ್ಯದ ಸಂಗತಿ.

ಹಳೆಯ ಒಕ್ಕಣೆಯ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಫಾರ್ವರ್ಡ್ ಮಾಡಬೇಡಿ.