ಲಗೇಜನ್ನ ಬೆನ್ನಿಗೆ ಹಾಕಬೇಡಿ

ಹೊಸದಾಗಿ ಮದುವೆಯಾದವರು ಬೆಂಗಳೂರಿಂದ ಚಿಕ್ಕಮಗಳೂರಿಗೆ ಬೈಕಲ್ಲಿ ಹೋಗಿಬರೋ ಬಗ್ಗೆ ಲೇಖನ ಚೆನ್ನಾಗಿದೆ. ಆದರೆ ಬ್ಯಾಗನ್ನ ಹಿಂದೆ ಕೂತವರ ಬೆನ್ನಿಗೆ ಹಾಕಿ ಅಂದಿದ್ದನ್ನ ಮಾತ್ರ ಒಪ್ಪೋಕಾಗಲ್ಲ. 8 ಕೆಜಿ ಬ್ಯಾಗು ನೆಲಮಂಗಲದವರೆಗೆ ಹಗುರ. ಕುಣಿಗಲ್ ದಾಟುವಾಗ ಹೆಗಲು ಹಿಡಿದಿರುತ್ತೆ, ಹಾಸನ ಬರೋಷ್ಟರಲ್ಲಿ ಇಬ್ಬರಿಗೂ ಮಾತು ಬೇಡ. ಭಾರದ್ದೆಲ್ಲ ಸೀಟಿನ ಎರಡು ಬದಿಗೂ ಜೋತುಬಿಡೋ ಸ್ಯಾಡಲ್ ಬ್ಯಾಗಿಗೆ ಹೋಗಲಿ, ಎರಡೂ ಕಡೆ ಸಮ ತೂಕ ಇರಲಿ. ಸೈಲೆನ್ಸರ್ ಕಡೆ ನಾಲ್ಕು ಬೆರಳಾದರೂ ಸಂದು ಬಿಡಿ. ಗುಂಡಿಗೆ ಇಳಿದಾಗ ಬ್ಯಾಗು ಜೋತು ಬಿದ್ದು ತಾಗುತ್ತೆ, ರೇನ್‌ಕವರ್ ಕರಗಿ ವಾಸನೆ ಬರೋವರೆಗೂ ಗೊತ್ತೇ ಆಗಲ್ಲ.

ಟೈರಿನ ಗಾಳಿಗೆ ಒಬ್ಬರಿದ್ದರೆ ಒಂದು, ಇಬ್ಬರಿದ್ದರೆ ಇನ್ನೊಂದು ಲೆಕ್ಕ. ಅಂಕಿ ಚೈನ್ ಕವರ್ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತೆ. ಟೈರ್ ತಣ್ಣಗಿದ್ದಾಗಲೇ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನ ಅದರ ಹಲ್ಲಿನ ರಿಂಗ್ ತಿರುಗಿಸಿ ಒಂದೆರಡು ಹಲ್ಲು ಬಿಗಿ ಮಾಡಿ. ಇಲ್ಲದಿದ್ದರೆ ಹಿಂಭಾಗ ಕುಗ್ಗಿ ಹೆಡ್‌ಲೈಟ್ ಮೇಲೆದ್ದು, ಎದುರಿನವರು ಡಿಮ್-ಡಿಪ್ ಹೊಡೀತಾನೇ ಇರ್ತಾರೆ.

ಮುಳ್ಳಯ್ಯನಗಿರಿ ಎತ್ತರ 1,930 ಮೀಟರ್. ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಎರಡನೇ ಗೇರಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕಾದು ಹಿಡಿತ ತಪ್ಪುತ್ತೆ. ಪೆಡಲ್ ಮೆತ್ತಗಾದ ಹಾಗನಿಸಿದರೆ ನಿಲ್ಲಿಸಿ, ಕಾಲು ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು.

ಇನ್ನೊಂದು. ಲೇಖನದ ಫೋಟೋದಲ್ಲಿರೋ ಹಾಗೆ ದುಪ್ಪಟ್ಟಾ ಹಾರಬಿಡೋದು ಬೇಡವೇ ಬೇಡ. ಚೈನಿಗೋ ಚಕ್ರದ ಕಡ್ಡಿಗೋ ಸಿಕ್ಕರೆ ಕುತ್ತಿಗೆಯನ್ನೇ ಎಳೆಯುತ್ತೆ. ಮಡಚಿ ಜಾಕೆಟ್ ಒಳಗೆ ಹಾಕಿ ಜಿಪ್ ಎಳೀರಿ.