ಅಂಗಾಲಿನ ಕಪ್ಪು ಕಲೆಯೂ ಲೆಕ್ಕಕ್ಕೆ ಬರಲಿ

ಚರ್ಮದ ಕ್ಯಾನ್ಸರ್ ಪತ್ತೆಹಚ್ಚುವ ಸಾಧನಗಳ ಬಗೆಗಿನ ನಿಮ್ಮ ಲೇಖನವನ್ನು ಓದಿದೆ. ಚರ್ಮವನ್ನು ಕತ್ತರಿಸದೆಯೇ ಒಳಗಿನ ಜೀವಕೋಶಗಳನ್ನು ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬಂದ ಮೇಲೆ ಬಯಾಪ್ಸಿಯೇ (ಚರ್ಮದ ತುಣುಕನ್ನು ಕತ್ತರಿಸಿ ತೆಗೆದು ಪರೀಕ್ಷಿಸುವುದು) ಬೇಕಾಗುವುದಿಲ್ಲ ಎಂಬ ಲೇಖಕರ ಮಾತನ್ನು ಒಪ್ಪಲಾರೆ. ಅದರ ಲೇಸರ್ ಬೆಳಕು ಜೀವಕೋಶಗಳನ್ನು ಸ್ಪಷ್ಟವಾಗಿ ತೋರಿಸುವುದು ಚರ್ಮದೊಳಗೆ ಸುಮಾರು 0.2 ಮಿಲಿಮೀಟರ್ ಆಳದವರೆಗೆ ಮಾತ್ರ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಚಿಕಿತ್ಸೆಯಾದರೋ ಮುಖ್ಯವಾಗಿ ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೇ ಅವಲಂಬಿಸಿರುತ್ತದೆ, ಆ ಅಳತೆ ಸಿಗುವುದು ಕತ್ತರಿಸಿ ತೆಗೆದ ಭಾಗವನ್ನು ಪರೀಕ್ಷಿಸಿದಾಗಲೇ. ಅನಗತ್ಯ ಬಯಾಪ್ಸಿಗಳು ಕಡಿಮೆಯಾಗುತ್ತವೆ ಎಂದಷ್ಟೇ ಬರೆದಿದ್ದರೆ ನನ್ನ ತಕರಾರಿರಲಿಲ್ಲ.

ಇನ್ನೊಂದು ಕೊರತೆ ನನಗೆ ಹೆಚ್ಚು ನೋವು ತಂದಿತು. ಲೇಖನದ ಚಿತ್ರಗಳೆಲ್ಲ ಬಿಳಿ ಚರ್ಮದ ಬೆನ್ನು, ಭುಜಗಳವು. ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪವಾದರೂ ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ; 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿ ಅವರ ಕಾಯಿಲೆ ಶುರುವಾದದ್ದು ಕಾಲ್ಬೆರಳಿನಲ್ಲಿ. ನನ್ನ ತಾಯಿಯ ಹಿಮ್ಮಡಿಯ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗುರುತೆಂದು ನಾವು ತಿಂಗಳುಗಟ್ಟಲೆ ಕಡೆಗಣಿಸಿದ್ದೆವು. ಕೊನೆಗೆ ವೈದ್ಯರು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪನ್ನು ಅದರ ಮೇಲಿಟ್ಟು, ಬಣ್ಣವು ಚರ್ಮದ ಗೆರೆಗಳ ನಡುವಿನ ತಗ್ಗಿನಲ್ಲಿದೆ, ಉಬ್ಬಿನ ಮೇಲಿದ್ದಿದ್ದರೆ ಅನುಮಾನಪಡಬೇಕಿತ್ತು ಎಂದು ನಮಗೇ ತೋರಿಸಿ ವಿವರಿಸಿದರು. ಕೈಯಲ್ಲಿ ಹಿಡಿಯುವ ಅಷ್ಟು ಸರಳ ಸಾಧನದ ಬಗ್ಗೆ ಲೇಖನದಲ್ಲಿ ಒಂದೇ ಸಾಲಿದೆ. ಕಲೆಯ ಚಿತ್ರ ನೋಡಿ ಕ್ಯಾನ್ಸರ್ ಗುರುತಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಬಹುಪಾಲು ಬಿಳಿ ಚರ್ಮದ ಚಿತ್ರಗಳಿಂದಲೇ ತರಬೇತುಗೊಳಿಸಿರುವಾಗ, ಇಂತಹ ಹಿಮ್ಮಡಿಯನ್ನು ಅವು ಎಷ್ಟು ಸರಿಯಾಗಿ ಗುರುತಿಸುತ್ತವೆ ಎಂಬುದನ್ನು ಲೇಖಕರು ಕೇಳಲೇಬೇಕಿತ್ತು.